ಎಲ್ಲಕ್ಕಿಂತ ಮೇಲಿನ ಕಿಟಕಿ

ಗಂಡ ಹೆಂಡಿರ ಎದೆಬಡಿತ ಒಬ್ಬರದು ಇನ್ನೊಬ್ಬರ ಕಂಪ್ಯೂಟರಿನ ಇಲ್ಲವೇ ಫೋನಿನ ಪರದೆಯ ಮೇಲೆ ಕಾಣುವುದು ಆ ಕಾಲಕ್ಕೆ ಎಲ್ಲರಲ್ಲೂ ಇದ್ದದ್ದೇ. ಗದಗಿನ ಕಚೇರಿಯೊಂದರಲ್ಲಿ ಪತ್ರ ಟೈಪು ಮಾಡುವ ಕಲ್ಲವ್ವನ ಕಂಪ್ಯೂಟರಿನಲ್ಲಿ ಗಂಡ ಮೈಲಾರಪ್ಪನ ಬಡಿತದ ಪುಟ್ಟ ಕಿಟಕಿ ಸದಾ ಎಲ್ಲಕ್ಕಿಂತ ಮೇಲಿರುತ್ತಿತ್ತು. ಹೋದ ತಿಂಗಳು ಅವನ ಎದೆ ಒಮ್ಮೆ ಕೈಕೊಟ್ಟಾಗಿನಿಂದ ಅವಳು ಅದನ್ನು ಸರಿಸಿರಲಿಲ್ಲ.

ಇಂದು ಅದು ಪತ್ರದ ಸಾಲುಗಳನ್ನು ಮುಚ್ಚಿದ್ದರಿಂದ ಎರಡು ಹೆಸರು ತಪ್ಪಾದವು. ಸಾಹೇಬರು ಗದರಿದರು. ಕಲ್ಲವ್ವ ಸೆಟ್ಟಿಂಗ್ ತೆರೆದು 'ಎಲ್ಲಕ್ಕಿಂತ ಮೇಲಿರಲಿ' ಎಂಬುದರ ಗುರುತು ತೆಗೆದಳು. ಅವಸರದಲ್ಲಿ ಅದರ ಕೆಳಗಿನ 'ಕಿರಿದಾದಾಗ ಮರೆಯಾಗಲಿ' ಎಂಬುದನ್ನೂ ಒತ್ತಿದ್ದು ಗಮನಕ್ಕೆ ಬರಲಿಲ್ಲ. ಕಿಟಕಿಯನ್ನು ಕಿರಿದು ಮಾಡಿ ಕೆಲಸಕ್ಕೆ ಕೂತಳು.

ಪತ್ರ ಮುಗಿಸಿ ನೋಡಿದರೆ ಕಿಟಕಿ ಎಲ್ಲೂ ಇಲ್ಲ. ಬಡಿತ ನಿಂತವರ ಕಿಟಕಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆಂದು ಎಲ್ಲರಿಗೂ ಗೊತ್ತು. ಅವಳು ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ರಿಂಗಾಯಿತು.

"ಏನಾತು ನಿನಗ?" ಮೈಲಾರಪ್ಪ ಏದುಸಿರು ಬಿಡುತ್ತಿದ್ದ. "ನಿನ್ನ ಎದಿ ಹಿಂಗ್ಯಾಕ ಬಡ್ಕೊಳ್ಳಾಕತ್ತೈತಿ? ಮೋಟರ್ ರಿಪೇರಿ ಅಲ್ಲೇ ಬಿಟ್ಟು ಓಡಿ ಬರಾಕತ್ತೀನಿ."

"ಓಡಬ್ಯಾಡ್ರೀ!" ಕಲ್ಲವ್ವ ಅಳುತ್ತಲೇ ಕೂಗಿದಳು. "ನಿಮಗ ಕೈಮುಗೀತೀನಿ, ಅಲ್ಲೇ ಕೂಡ್ರಿ. ನಾನೇ ಬರ್ತೀನಿ."