ಮೈಲಮ್ಮ ಬಳಸಿ ನಡೆದ ಬಯಲು

"ಈ ಬಯಲಿಗೆಲ್ಲಾ ಮನೆ ಬಂದ್ರೆ ಗಿರಣಿ ಕೆಲಸದಿಂದ ನಮ್ಮ ಮನೆಗೆ ಸುತ್ತಿ ಬರಾಕೇ ಒಂದು ತಾಸು ಬೇಕ್ರಿ. ನನಗೆ ಮಧ್ಯಾಹ್ನ ಬಿಡುವು ಇರಾದೇ ಒಂದು ತಾಸು. ಕೂಸಿಗೆ ಹಾಲು ಯಾವಾಗ ಕುಡಿಸ್ಲಿ?" ಎಂದಳು ಮೈಲಮ್ಮ. ಹೊಸ ಬಡಾವಣೆಯ ಗೂಟ ಹೊಡೆಸುತ್ತಿದ್ದ ಇಂಜಿನಿಯರ್ ಕೈ ಎತ್ತಿ ಕೆಲಸ ನಿಲ್ಲಿಸಿದರು. "ದಿನಾ ಹೆಂಗೆ ಹೋಗ್ತೀಯೋ ಹಂಗೇ ನಡೆದು ತೋರ್ಸವ್ವಾ."

ಅವಳು ಹೊರಟಳು. ಕೂಲಿಯಾಳು ಗಿಡ್ಡಪ್ಪ ಅವಳ ಹೆಜ್ಜೆಯ ಮೇಲೆ ಸುಣ್ಣದ ಪುಡಿ ಚೆಲ್ಲುತ್ತಾ ಹಿಂದೆ ಓಡಿದ. "ಯಕ್ಕಾ, ಇವತ್ತು ಗಿರಣಿ ರಜಾ ಐತೆ, ನಿಧಾನ ನಡಿಯೇ!"

ಬಯಲಿನ ನಡುವೆ ಬಂದವಳು ಬರೀ ನೆಲವನ್ನು ದೊಡ್ಡದಾಗಿ ಬಳಸಿ ಆಚೆ ಹೋದಳು. ಸುಣ್ಣದ ಗೆರೆಯೂ ಅವಳ ಜೊತೆ ಬಾಗಿತು. "ಅಲ್ಲೇನೂ ಇಲ್ವಲ್ಲ, ಯಾಕ ಸುತ್ತಿದೆ?" ಎಂದು ಇಂಜಿನಿಯರ್ ಕೂಗಿದರು. ಮೈಲಮ್ಮ ನಾಚಿ ನಿಂತಳು. "ಮಂಡಕ್ಕಿ ಹುರಿಯೋ ಭಟ್ಟಿ ಫಕ್ರುನ್ನೀಸಕ್ಕ ಭತ್ತ ಒಣಗಿಸೋ ಜಾಗ ರೀ. ಇವತ್ತು ಹಾಕಿಲ್ಲ, ಆದ್ರೂ ಕಾಲು ಅತ್ಲಾಗೆ ಹೋಗಲ್ಲ."

ಇಂಜಿನಿಯರ್ ಆ ಬಾಗಿದ ಗೆರೆಯನ್ನು ನೋಡಿದರು. ಆಮೇಲೆ ನಕ್ಷೆಯ ಮೇಲೆ ಪೆನ್ಸಿಲಿನಿಂದ ಹಾಗೆಯೇ ಒಂದು ಗೆರೆ ಎಳೆದರು. "ಗಿಡ್ಡಪ್ಪಾ, ದಾರಿ ಈ ಗೆರೆ ಮೇಲೇ ಇರ್ಲಿ, ಭತ್ತ ಒಣಗಿಸೋ ಬಯಲೂ ಇರ್ಲಿ. ಅದರೊಳಗಿನ ಗೂಟ ಎಲ್ಲಾ ಕೀಳು." ಮೈಲಮ್ಮ ಕೈ ಮುಗಿದಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ" ಎಂದಳು.