ಹೊಂದಲಿಲ್ಲ

ಡಾಕ್ಟರ್ ವೆನಿಂಗ್ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದು ಲಾಮ್ರಿಯಾಳ ಎದುರು ಕೂತರು. ಹೊರಗಿನ ಬೆಂಚಿನ ಮೇಲೆ ಅವಳ ತಾಯಿ, ಇಬ್ಬರು ಅಣ್ಣಂದಿರು, ಮೂರು ವರ್ಷದಿಂದ ಡಯಾಲಿಸಿಸ್‌ನಲ್ಲೇ ದಿನ ತಳ್ಳುತ್ತಿದ್ದ ತಮ್ಮ ತುಂಪಲ್ ಕಾಯುತ್ತಿದ್ದರು.

"ನಿಮ್ಮ ಕಿಡ್ನಿ ತಮ್ಮನಿಗೆ ಹೊಂದುತ್ತೆ," ಎಂದರು ಡಾಕ್ಟರು. "ಆ ಮಾತು ಆಮೇಲೆ. ಮೊದಲು ಇದನ್ನ ಹೇಳಿ. ಕೊಡೋಕೆ ನಿಮಗೆ ಮನಸ್ಸಿದೆಯಾ?"

ಈ ಪ್ರಶ್ನೆಯನ್ನು ಲಾಮ್ರಿಯಾಳಿಗೆ ಯಾರೂ ಕೇಳಿರಲೇ ಇಲ್ಲ. ತೋಬಾ ಸರೋವರದ ದಂಡೆಯ ಪೊರ್ಸಿಯಾ ಸಂತೆಯಲ್ಲಿ ಮೀನು ತೂಗುತ್ತಿದ್ದಾಗ ತಾಯಿಯ ಫೋನು ಬಂದಿತ್ತು: "ಸೋಮವಾರ ಮೆಡಾನ್ ಆಸ್ಪತ್ರೆಗೆ ಬಾ. ಏನೂ ತಿನ್ನದೆ ಬಾ." ಅಷ್ಟೆ. ಆ ಫೋನಿನ ಹಿಂದಿನ ದಿನವೇ, ಚರ್ಚಿನ ಹಿರಿಯನಾಗಿದ್ದ ದೊಡ್ಡಣ್ಣ ಮಾರೊಜಹಾನ್, ತಮ್ಮನಿಗೆ ಜೀವ ಕೊಡಲಿರುವ ಸೋದರಿಗಾಗಿ ಅಂತ ಅವಳ ಹೆಸರು ಹಿಡಿದು ಪ್ರಾರ್ಥನೆ ಮಾಡಿಸಿದ್ದ. ಅವಳ ಗಂಡನಿಗೆ ಸುದ್ದಿ ತಿಳಿದದ್ದೇ ಆ ಪ್ರಾರ್ಥನೆಗೆ ಹೋಗಿಬಂದ ನೆರೆಯವರಿಂದ. ಆ ಸೋಮವಾರ ಪರೀಕ್ಷೆಗಳೆಲ್ಲ ಮುಗಿದಿದ್ದವು; ಇವತ್ತು ಫಲಿತಾಂಶ ಕೇಳಲು ಮತ್ತೆ ಕರೆತಂದಿದ್ದರು.

"ಆಪರೇಷನ್ ಆದ್ಮೇಲೆ ಮೂರು ತಿಂಗಳು ಭಾರ ಎತ್ತಬಾರ್ದು ಅಂದ್ರಲ್ಲ," ಎಂದಳು. "ನಾನು ದಿನಾ ಎತ್ತೋದೇ ನೀರು ತುಂಬಿದ ಮೀನಿನ ಟಬ್ಬು, ಡಾಕ್ಟ್ರೇ."

"ಮನೇಲಿ ಹೇಳಿದ್ರಾ?"

"ಹೇಳ್ದೆ. ಒಂದಷ್ಟು ದಿನ ನಿನ್ನ ಮಕ್ಕಳು ಎತ್ತಲಿ ಬಿಡು ಅಂದ್ರು ಅಮ್ಮ, ಅಣ್ಣ. ದೊಡ್ಡವಳಿಗೆ ಈಗ ಒಂಬತ್ತು ವರ್ಷ."

ಡಾಕ್ಟರು ದನಿ ತಗ್ಗಿಸಿದರು. "ನೋಡಿ, ಇಷ್ಟ ಇಲ್ಲ ಅಂದ್ರೆ ಇದು ಇಲ್ಲಿಗೇ ಮುಗೀತು. ಮನೆಯವರಿಗೆ ನೀವು ಹೆದರಬೇಕಾಗಿಲ್ಲ. ಹೊಂದಲಿಲ್ಲ ಅಂತ ನಾನೇ ಹೇಳಿಬಿಡ್ತೀನಿ. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಕೊಡೋಕೆ ಅಂತ ಬರೋ ಪ್ರತಿಯೊಬ್ಬರಿಗೂ ಈ ಕೋಣೇಲಿ ಈ ಮಾತು ಹೇಳಿಯೇ ಹೇಳ್ತೀನಿ."

ಪ್ರತಿಯೊಬ್ಬರಿಗೂ. ಲಾಮ್ರಿಯಾ ತಲೆಯೆತ್ತಿದಳು. ಎರಡು ತಿಂಗಳ ಹಿಂದೆ ಅಣ್ಣಂದಿರಿಬ್ಬರೂ ಇದೇ ಕೋಣೆಗೆ ಬಂದುಹೋಗಿದ್ದರು. ಇಬ್ಬರದೂ ಹೊಂದಲಿಲ್ಲ. ಮಾರೊಜಹಾನ್ ಅಂತೂ ತಾಯಿಯ ಮಡಿಲಲ್ಲಿ ತಲೆಯಿಟ್ಟು ಗೊಳೋ ಎಂದು ಅತ್ತಿದ್ದ. ಅವನನ್ನು ಸಮಾಧಾನ ಮಾಡಿ ಊಟಕ್ಕೆ ಎಬ್ಬಿಸಿದವಳು ಇವಳೇ.

"ನನ್ನ ಅಣ್ಣಂದಿರಿಗೂ ಹೀಗೇ ಹೇಳಿದ್ರಾ?"

"ಒಬ್ಬರ ವಿಷಯ ಇನ್ನೊಬ್ಬರಿಗೆ ನಾನು ಹೇಳೋ ಹಾಗಿಲ್ಲ." ಡಾಕ್ಟರು ಫೈಲಿನತ್ತ ಕಣ್ಣು ಹೊರಳಿಸಿದರು.

ಲಾಮ್ರಿಯಾಳ ಮೈಯೆಲ್ಲ ಉರಿದುಹೋಯಿತು. ಅಪ್ಪ ಸತ್ತು ಗದ್ದೆ ಹಂಚುವಾಗ ಒಂದು ಮೂಲೆಯನ್ನಾದರೂ ಕೊಡಿ ಎಂದು ಅವಳು ಕೇಳಿದ್ದಳು. "ನೀನು ಬೇರೆ ಮನೆ ಸೇರಿದವಳು, ವಂಶ ಬೆಳೆಸೋರು ನಾವು," ಎಂದಿದ್ದ ದೊಡ್ಡಣ್ಣ. ಇವತ್ತು ಬೆಳಿಗ್ಗೆ ಕಾರಿನಲ್ಲಿ ಅವನೇ ದಾರಿಯುದ್ದಕ್ಕೂ "ನಾವೆಲ್ಲ ಒಂದೇ ರಕ್ತ" ಎನ್ನುತ್ತಾ ಬಂದಿದ್ದ. ತುಂಪಲ್‌ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನು ಬಾಯಿ ಬಿಟ್ಟು ಕೇಳಿದ್ದರೆ ಎರಡನೇ ಮಾತಿಲ್ಲದೆ ಕೊಟ್ಟುಬಿಡುತ್ತಿದ್ದಳೋ ಏನೋ. ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ. ಹಿತ್ತಲಿನಿಂದ ಸೊಪ್ಪು ಕಿತ್ತು ತರುವಂತೆ ಅವಳನ್ನು ಕರೆತಂದಿದ್ದರು.

"ಹಾಗಾದ್ರೆ ಹೊಂದಲಿಲ್ಲ ಅಂತ ಹೇಳಲಾ?" ಡಾಕ್ಟರು ಕೇಳಿದರು.

"ಬೇಡ. ನಾನೇ ಹೇಳ್ತೀನಿ."

ಬಾಗಿಲು ತೆರೆದದ್ದೇ ತಡ ತಾಯಿ ಎದ್ದು ನಿಂತಳು. "ಏನಂದ್ರು? ಆಪರೇಷನ್ ಯಾವತ್ತಂತೆ?"

"ಹೊಂದುತ್ತಂತೆ. ನಾನು ಕೊಡಲ್ಲ."

"ಏನಂದೆ? ಒಡಹುಟ್ಟಿದವನು ಕಣೇ! ನಿನ್ನದೇನು ಕಲ್ಲೆದೆಯಾ?" ತಾಯಿಯ ಕೂಗಿಗೆ ಆಚೆಯ ಬೆಂಚಿನವರೂ ತಿರುಗಿ ನೋಡಿದರು. "ಹೊಂದದೇ ಇದ್ದಿದ್ರೆ ಬೇರೆ ಮಾತು. ನಿನ್ನ ಅಣ್ಣಂದಿರು ಪಾಪ, ಕೊಡ್ತೀವಿ ಅಂತ ನಿಂತಿದ್ರು, ದೇವರು ಹೊಂದಿಸ್ಲಿಲ್ಲ."

"ದೇವರನ್ನ ಯಾಕಮ್ಮ ಎಳೀತೀಯ? ಕೊಡೋಕೆ ಮನಸ್ಸಿಲ್ಲ ಅಂದ್ರೆ ಸಾಕು, 'ಹೊಂದಲಿಲ್ಲ' ಅಂತ ಡಾಕ್ಟ್ರೇ ಹೇಳಿ ಕಳಿಸ್ತಾರೆ. ನನ್ನ ವಿಷಯಕ್ಕೂ ಹಾಗೇ ಹೇಳ್ತೀನಿ ಅಂದ್ರು. ಬೇಡ ಅಂದೆ. ಇವರಿಬ್ಬರೂ ಏನಂದ್ರೋ ಇವರನ್ನೇ ಕೇಳು."

ಎರಡನೆಯ ಅಣ್ಣ ಬೋನಾರ್ ಕಾರನ್ನು ಅಡ್ಡ ನಿಲ್ಲಿಸಿದ್ದೇನೆ, ತೆಗೆದು ಬರುತ್ತೇನೆ ಎಂದು ಗೊಣಗಿ ನಡೆದೇಬಿಟ್ಟ. ತಾಯಿ ಅವನ ಬೆನ್ನನ್ನೇ ನೋಡಿದಳು, ಆಮೇಲೆ ದೊಡ್ಡ ಮಗನ ಮುಖ ನೋಡಿದಳು, ಆಮೇಲೆ ಬೆಂಚಿನ ಮೇಲೆ ಕುಸಿದಳು.

"ನೀನು ಊರಿಗೆ ಹೋಗಕ್ಕ," ಎಂದ ತುಂಪಲ್. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದ. "ನಾನೇ ನಿನ್ನ ಕೇಳಬೇಕಿತ್ತು. ಇಲ್ಲ ಅಂದುಬಿಟ್ರೆ ಅಂತ ಹೆದರಿಕೊಂಡು ಅಮ್ಮನ ಕೈಲಿ ಹೇಳಿಸ್ದೆ."

ಲಾಮ್ರಿಯಾ ಅವನ ತಲೆ ಸವರಿ ಮೆಟ್ಟಿಲ ಕಡೆ ನಡೆದಳು.

ಅರ್ಧ ಮೆಟ್ಟಿಲಿಳಿಯುವಷ್ಟರಲ್ಲಿ ಮಾರೊಜಹಾನ್ ಓಡಿಬಂದು ಅವಳ ರಟ್ಟೆ ಹಿಡಿದು ನಿಲ್ಲಿಸಿದ. ತಪ್ಪಾಯಿತು ಎನ್ನುತ್ತಾನೇನೋ, ಇಲ್ಲವೇ ತಮ್ಮನನ್ನು ಉಳಿಸು ಎಂದು ಕಾಲು ಹಿಡಿಯುತ್ತಾನೇನೋ ಎಂದುಕೊಂಡಳು. ಅವನು ಅತ್ತಿತ್ತ ನೋಡಿ, ಹಲ್ಲು ಕಚ್ಚಿಕೊಂಡು ಹೇಳಿದ:

"ಹೊಂದಲಿಲ್ಲ ಅಂತ ಒಂದು ಮಾತು ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ನಾವು ಅನ್ನಲಿಲ್ವಾ?"