ಪೆನ್ಸಿಲ್ ಅಳಿಸಿದ ಮುಖ

ಈಗ ಫೋಟೊ ತೆಗೆದ ಕೂಡಲೇ ಫೋನೇ ನಮ್ಮ ಮುಖವನ್ನು ನುಣುಪು ಮಾಡಿಕೊಡುತ್ತದೆ...

ನಲವತ್ತೈದು ವರ್ಷದ ಹಿಂದೆ ಅದಕ್ಕೊಬ್ಬ ಮನುಷ್ಯ ಬೇಕಾಗಿತ್ತು. ಗದಗಿನಲ್ಲಿ ಆ ಮನುಷ್ಯನ ಹೆಸರು ಮೌನೇಶಪ್ಪ ಪತ್ತಾರ.

ಒಂದು ಹಳೆಯ ಫೋಟೊ ಸ್ಟುಡಿಯೊದಲ್ಲಿ ಅವರದು ಟಚಿಂಗ್ ಕೆಲಸ. ಹಿಂದೆ ಬಲ್ಬು ಉರಿಯುವ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕಿ ಚುಕ್ಕಿ ಇಡುತ್ತ ಕೂತರೆ... ಮೊಡವೆ ಹೋಯಿತು, ಕಲೆ ಹೋಯಿತು, ಕಣ್ಣಿನ ಕೆಳಗಿನ ಕಪ್ಪೂ ಹೋಯಿತು.

ಹರೆಯದಲ್ಲಿ ನಾಟಕ ಕಂಪನಿಗಳ ಪರದೆಗೆ ಚಿತ್ರ ಬರೆದವರು ಅವರು. ಜೊತೆಗೆ ಕಾದಂಬರಿ ಓದುವ ಹುಚ್ಚು.

ಹುಣ್ಣಿಮೆ ಚಂದ್ರನಂಥ ಮುಖ, ಸಂಪಿಗೆಯಂಥ ಮೂಗು, ತಾವರೆ ಎಸಳಿನಂಥ ಕಣ್ಣು... ಹೆಣ್ಣಿನ ಚೆಲುವು ಅಂದರೆ ಇದೇ ಎಂದು ನಂಬಿದ್ದರು. ಸ್ಟುಡಿಯೊಕ್ಕೆ ಬಂದ ಪ್ರತಿ ಮುಖವನ್ನೂ ಅದರ ಹತ್ತಿರಕ್ಕೆ ಒಯ್ಯುತ್ತಿದ್ದರು.

ಜನಕ್ಕೂ ಅದೇ ಬೇಕಿತ್ತು. ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಫೋಟೊ ತೆಗೆಸಲು ರೋಣ, ಮುಂಡರಗಿಯಿಂದಲೂ ಬರುತ್ತಿದ್ದರು.

ಒಂದು ದಿನ ಫಕೀರವ್ವ ಎಂಬ ಹೆಂಗಸು ಬಂದಳು. ಹತ್ತಿ ಫ್ಯಾಕ್ಟರಿಯಲ್ಲಿ ಕೆಲಸ, ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ ಅಂಟಿಕೊಂಡಿತ್ತು.

ಅವಳ ತಾಯಿ ತೀರಿಕೊಂಡು ತಿಂಗಳಾಗಿತ್ತಂತೆ. ತಾಯಿಯದು ಇದ್ದದ್ದು ಅಂಗೈಯಗಲದ ಒಂದೇ ಫೋಟೊ. ಅದನ್ನು ದೊಡ್ಡದು ಮಾಡಿಕೊಡಿ, ಗೋಡೆಗೆ ಹಾಕಬೇಕು ಅಂದಳು.

ಮೌನೇಶಪ್ಪ ಫೋಟೊ ನೋಡಿದರು... ಮುಖದ ತುಂಬ ಸಿಡುಬಿನ ಕಲೆ. ಪಾಪ ಅನ್ನಿಸಿತು.

ಅವಳು ಕೇಳಿರಲಿಲ್ಲ. ಆದರೂ ಆ ಫೋಟೊದಿಂದ ದೊಡ್ಡ ನೆಗೆಟಿವ್ ತೆಗೆದು, ಮೂರು ದಿನ ಕೂತು ಒಂದೊಂದೇ ಕಲೆಯನ್ನು ತುಂಬಿದರು. ಅಷ್ಟು ಚಂದದ ಕೆಲಸವನ್ನು ತಾನು ಯಾವತ್ತೂ ಮಾಡಿಲ್ಲ ಎಂದು ಅವರಿಗೇ ಅನ್ನಿಸಿತ್ತು.

ಫಕೀರವ್ವ ಬಂದಳು. ಫೋಟೊ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸಂಕೋಚದಿಂದ, ಬೇರೆ ಯಾರದಾದರೂ ಫೋಟೊದ ಜೊತೆ ಅದಲುಬದಲಾಗಿದೆಯೇ ಎಂದು ಕೇಳಿದಳು.

"ಫೋಟೊ ಭಾಳ ಚಂದ ಐತ್ರಿ ಅಣ್ಣಾರ... ಆದ್ರ ಈಕಿ ನಮ್ಮವ್ವ ಅಲ್ರಿ."

ಕಲೆಗಳನ್ನು ತಾವೇ ತೆಗೆದದ್ದು ಎಂದು ಮೌನೇಶಪ್ಪ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅವಳ ಕಣ್ಣು ತುಂಬಿ ಬಂತು.

"ಆ ಬ್ಯಾನಿ ಮೊದಲ ಬಂದಿದ್ದು ನನಗರಿ. ಮನಿಯವರು ಯಾರೂ ಹತ್ರ ಬರಲಿಲ್ಲ. ಅವ್ವ ಒಬ್ಬಾಕಿನ ನನ್ನ ಎದಿಗೆ ಅವಚಿಕೊಂಡು ಮಲಗಿದ್ಲು... ನಾ ಉಳಕೊಂಡೆ, ಅಕಿಗೆ ಹತ್ತಿತು."

ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅಂದಳು...

"ಅವನ್ನ ಒರಸಿದ್ರ ನಮ್ಮವ್ವಂದು ಏನು ಉಳೀತ್ರಿ?"

ಮೌನೇಶಪ್ಪ ಅವಳನ್ನು ಕೂರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ನೆಗೆಟಿವ್ ಒರೆಸಿದರು. ಮೂರು ದಿನದ ಕೆಲಸ ಮೂರು ನಿಮಿಷದಲ್ಲಿ ಹೋಯಿತು.

ಡಾರ್ಕ್ ರೂಮಿನ ಕೆಂಪು ಬೆಳಕಿನಲ್ಲಿ, ಟ್ರೇಯ ನೀರಿನೊಳಗೆ, ಆ ಮುಖ ನಿಧಾನಕ್ಕೆ ಮೂಡಿ ಬಂತು... ಎಲ್ಲ ಕಲೆಗಳ ಜೊತೆ. ಮುಖವೊಂದನ್ನು ತಾನು ನಿಜವಾಗಿ ನೋಡುತ್ತಿರುವುದು ಇದೇ ಮೊದಲು ಅನ್ನಿಸಿತು ಅವರಿಗೆ.

ಹೊಸ ಫೋಟೊವನ್ನು ಫಕೀರವ್ವ ಕಣ್ಣಿಗೆ ಒತ್ತಿಕೊಂಡು ಒಯ್ದಳು.

ಆ ಸಂಜೆ ಮನೆಗೆ ಹೋದ ಮೌನೇಶಪ್ಪ ಗೋಡೆಯ ಮುಂದೆ ನಿಂತುಬಿಟ್ಟರು.

ಅಲ್ಲಿದ್ದದ್ದು ಅವರ ಹೆಂಡತಿ ಸುಮಿತ್ರವ್ವನ ಫೋಟೊ. ಆಕೆ ತೀರಿಕೊಂಡು ಎಂಟು ವರ್ಷವಾಗಿತ್ತು.

ಸುಮಿತ್ರವ್ವನ ಹುಬ್ಬುಗಳು ಮೂಗಿನ ಮೇಲೆ ಒಂದಕ್ಕೊಂದು ಕೂಡಿಕೊಂಡಿದ್ದವು. ಮದುವೆಯ ಹೊಸತರಲ್ಲಿ ಮೌನೇಶಪ್ಪ ಆ ಫೋಟೊಕ್ಕೂ ಪೆನ್ಸಿಲ್ ಹಿಡಿದಿದ್ದರು. ಹುಬ್ಬುಗಳನ್ನು ಬೇರೆ ಮಾಡಿ, ಕಾದಂಬರಿಯ ನಾಯಕಿಯ ಹಾಗೆ ತಿದ್ದಿದ್ದರು.

ಈಗ ಕಣ್ಣು ಮುಚ್ಚಿ ಹೆಂಡತಿಯ ಮುಖ ನೆನೆಯಲು ನೋಡಿದರು... ಬರಲಿಲ್ಲ. ಬಂದದ್ದು ತಾವು ಬರೆದ ಮುಖವೇ.

ಅವರಿಗೆ ಹನ್ನೆರಡು ವರ್ಷದ ಮಗಳು, ಸುವರ್ಣಾ. ತಾಯಿ ಹೋದಾಗ ನಾಲ್ಕು ವರ್ಷದವಳು. ಅವಳಿಗೂ ಕೂಡಿದ ಹುಬ್ಬು. ಶಾಲೆಯಲ್ಲಿ ನಗುತ್ತಾರೆಂದು, ಬ್ಲೇಡಿನಿಂದ ತೆಗೆದುಬಿಡಲೇ ಎಂದು ಎರಡು ಸಲ ಕೇಳಿದ್ದಳು.

ನೀನು ತಾಯಿಯ ಹಾಗೇ ಇದ್ದೀಯ ಎಂದು ಓಣಿಯ ಹೆಂಗಸರು ಅನ್ನುತ್ತಿದ್ದರು. ಅವಳು ಗೋಡೆಯ ಫೋಟೊ ನೋಡಿ, ಸಮಾಧಾನಕ್ಕೆ ಹಾಗನ್ನುತ್ತಾರೆ ಅಂದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಮೌನೇಶಪ್ಪ ಸ್ಟುಡಿಯೊದ ಹಳೆಯ ಪೆಟ್ಟಿಗೆಗಳನ್ನು ಇಳಿಸಿದರು. ಎರಡು ದಿನ ಹುಡುಕಿದರು.

ಕೊನೆಗೆ ಸಿಕ್ಕಿತು... ಬಟರ್ ಪೇಪರಿನಲ್ಲಿ ಸುತ್ತಿಟ್ಟ, ಅಂಚು ಹಳದಿಯಾದ ಆ ನೆಗೆಟಿವ್. ಸ್ಪಿರಿಟ್ಟಿನಿಂದ ಒರೆಸಿದರು. ಹದಿನಾರು ವರ್ಷದ ಹಿಂದಿನ ಪೆನ್ಸಿಲ್ಲು ಬೂದಿಯ ಹಾಗೆ ಅರಳೆಗೆ ಹತ್ತಿಕೊಂಡಿತು.

ಪ್ರಿಂಟ್ ಹಾಕಿ, ಮನೆಗೆ ತಂದು, ಮಗಳ ಕೈಗೆ ಕೊಟ್ಟರು.

ಸುವರ್ಣಾ ನೋಡಿದಳು. ಅವಳ ಬೆರಳು ತಾಯಿಯ ಹುಬ್ಬಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಹೋಯಿತು... ಆಮೇಲೆ ಅದೇ ಬೆರಳು ತನ್ನ ಹುಬ್ಬಿಗೆ ಬಂತು.

"ಅಪ್ಪಾ... ನಾ ಖರೇನ ಅವ್ವನಂಗ ಅದೀನಿ."

ಮೌನೇಶಪ್ಪ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, ಮಗುವಿನ ಹಾಗೆ ಅತ್ತರು.

ಅವಳು ಮತ್ತೆಂದೂ ಬ್ಲೇಡಿನ ಮಾತು ಎತ್ತಲಿಲ್ಲ.

ಚಿತ್ರ, ಕಾವ್ಯಗಳು ಹೇಳುವ ಚೆಲುವು ಎಲ್ಲರ ಮುಖಕ್ಕೂ ಒಂದೇ... ನಾವು ಪ್ರೀತಿಸಿದವರ ಚೆಲುವು ಮಾತ್ರ ಅವರ ಮುಖವೊಂದಕ್ಕೇ ಸೇರಿದ್ದು.

ನಿಮ್ಮವರ ಮುಖದ ಯಾವ ಗುರುತು ಇಂದಿಗೂ ನಿಮ್ಮ ಕಣ್ಣಿಗೆ ಕಟ್ಟಿದೆ... ಅದನ್ನು ಅವರಿಗೆ ಒಮ್ಮೆಯಾದರೂ ಹೇಳಿದ್ದೀರಾ?